ತಂಬೂರಿಯಿಂದ ಧ್ವನಿಸುರುಳಿಗೆ: ಮಂಡ್ಯ, ಮದ್ದೂರು, ಮಳವಳ್ಳಿ ಪ್ರದೇಶದ ನೀಲಗಾರ ಗಾಯನದ ರೂಪಾಂತರ

ದಕ್ಷಿಣ ಕರ್ನಾಟಕದ ಮೌಖಿಕ ಮಹಾಕಾವ್ಯಗಳಲ್ಲಿ ಮಂಟೇಸ್ವಾಮಿ ಮತ್ತು ಮಲೆಯ ಮಹದೇಶ್ವರ ಕಾವ್ಯಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಇವುಗಳ ಕಥಾವಸ್ತು, ಸಾಮಾಜಿಕ ಆಶಯ ಮತ್ತು ಧಾರ್ಮಿಕ ನೆಲೆಗಳನ್ನು ಕುರಿತು ಕಳೆದ ಅರ್ಧ ಶತಮಾನದಲ್ಲಿ ಸಾಕಷ್ಟು ವಿವೇಚನೆ ನಡೆದಿದೆ. ಆದರೆ ಈ ಕಾವ್ಯಗಳನ್ನು ಹಾಡುವ ಮೇಳಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಡೀ ರಾತ್ರಿಯ ಕಥನಗಾಯನದಿಂದ ಕೆಲವೇ ನಿಮಿಷಗಳ ಬಿಡಿಗೀತೆಯತ್ತ ಹೊರಳಿದ ಕ್ರಮವು ಅಷ್ಟಾಗಿ ಚರ್ಚೆಗೆ ಒಳಪಟ್ಟಿಲ್ಲ. ಈ ಹೊರಳುವಿಕೆಯನ್ನು ಅವನತಿಯೆಂದು ಹಳಿಯುವುದು ಅಥವಾ ಜನಪ್ರಿಯತೆಯೆಂದು ಹೊಗಳುವುದು ಸುಲಭ. ಎರಡೂ ನಿಲುವುಗಳು ಬದಲಾವಣೆಯ ಕಾರಣವನ್ನು ವಿವರಿಸುವುದಿಲ್ಲ. ಹಾಡು ಚಿಕ್ಕದಾದಾಗ ಕಾವ್ಯದಿಂದ ಉದುರಿಹೋಗುವುದೇನು, ಉಳಿಯುವುದೇನು, ಹಾಗೆ ಉಳಿದುದು ಯಾವ ಅರ್ಥವನ್ನು ಪಡೆಯುತ್ತದೆ ಎಂಬ ಪ್ರಶ್ನೆಗಳನ್ನು ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶ ಮತ್ತು ಪರಂಪರೆ

ಮಂಟೇಸ್ವಾಮಿ ಕಾವ್ಯದ ಭೂಪಟವನ್ನು ಗಮನಿಸಿದರೆ ಈ ಪ್ರದೇಶದ ಮಹತ್ವವು ಸ್ಪಷ್ಟವಾಗುತ್ತದೆ. ಕಲ್ಯಾಣದಿಂದ ದಕ್ಷಿಣಕ್ಕೆ ಬರುವ ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರವು ಮಳವಳ್ಳಿ ತಾಲ್ಲೂಕಿಗೆ ಸೇರಿದೆ. ಪಾಂಚಾಳ ಮನೆತನದ ಕೆಂಪಾಚಾರಿಯು ಶಿಷ್ಯನಾಗಿ ಸಿದ್ದಪ್ಪಾಜಿಯೆನಿಸಿಕೊಳ್ಳುತ್ತಾನೆ. ಅವನ ಹುಟ್ಟೂರಾದ ನಿಡಘಟ್ಟವು ಮದ್ದೂರು ತಾಲ್ಲೂಕಿನಲ್ಲಿದೆ. ಅವನು ಕಬ್ಬಿಣದ ಭಿಕ್ಷೆಗೆ ಹೋಗುವ ಹಲಗೂರು ಮತ್ತೆ ಮಳವಳ್ಳಿ ತಾಲ್ಲೂಕಿನದು. ರಾಚಪ್ಪಾಜಿ ಮತ್ತು ಚನ್ನಾಜಮ್ಮನವರ ನೆಲೆಯಾದ ಕಪ್ಪಡಿ ಮೈಸೂರು ಜಿಲ್ಲೆಯಲ್ಲಿಯೂ ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರು ಚಾಮರಾಜನಗರ ಜಿಲ್ಲೆಯಲ್ಲಿಯೂ ಇವೆ. ಅಂದರೆ ಕಾವ್ಯವು ಕೇಳುಗರ ದೈನಂದಿನ ಓಡಾಟದ ನೆಲದ ಮೇಲೆಯೇ ನಡೆಯುತ್ತದೆ. ಹಾಡುಗಾರನು ಹಲಗೂರಿನ ಹೆಸರೆತ್ತಿದಾಗ ಕೇಳುಗನಿಗೆ ಅದು ಸಂತೆಗೆ ಹೋಗಿಬಂದ ಊರು.

ಮಂಟೇಸ್ವಾಮಿ ಪರಂಪರೆಯ ದೀಕ್ಷಿತ ಗಾಯಕರನ್ನು ನೀಲಗಾರರೆಂದೂ ಮಹದೇಶ್ವರನ ಪರಂಪರೆಯವರನ್ನು ದೇವರಗುಡ್ಡರೆಂದೂ ಕರೆಯುವುದು ರೂಢಿ. ಗುಡ್ಡರ ಕೈಯಲ್ಲಿ ಕಂಸಾಳೆ, ನೀಲಗಾರರ ಕೈಯಲ್ಲಿ ತಂಬೂರಿ. ಕಂಡಾಯ ಮತ್ತು ಕಪ್ಪು ಧೂಳತ ನೀಲಗಾರ ಪರಂಪರೆಯ ಚಿಹ್ನೆಗಳು. ನೀಲಗಾರರಲ್ಲಿ ಹೆಚ್ಚಿನವರು ದಲಿತ ಮತ್ತು ಇತರ ತಳಸಮುದಾಯಗಳಿಂದ ಬಂದವರು. ದೀಕ್ಷೆ, ಭಿಕ್ಷೆ ಮತ್ತು ಗಾಯನ ಇವು ಮೂರೂ ಅವರ ಪಾಲಿಗೆ ಒಂದೇ ವ್ರತದ ಅಂಗಗಳು. ಆದುದರಿಂದ ಗಾಯನದ ರೂಪದಲ್ಲಿ ಆದ ಬದಲಾವಣೆಯನ್ನು ಕೇವಲ ಸಂಗೀತದ ಬದಲಾವಣೆಯೆಂದು ಪರಿಗಣಿಸಲಾಗದು.

ಇಡೀ ರಾತ್ರಿಯ ಗಾಯನದ ರಚನೆ

ನೀಲಗಾರರ ಕಾವ್ಯವು ‘ಸಾಲು’ಗಳಾಗಿ ವಿಭಜನೆಗೊಂಡಿದೆ. ಕಲ್ಯಾಣದ ಸಾಲು, ರಾಚಪ್ಪಾಜಿಯ ಸಾಲು, ದೊಡ್ಡಮ್ಮನ ಸಾಲು, ಸಿದ್ದಪ್ಪಾಜಿಯ ಸಾಲು, ಚನ್ನಾಜಮ್ಮನ ಸಾಲು ಎಂಬಂತೆ ಒಂದೊಂದು ಸಾಲೂ ಸ್ವಯಂಪೂರ್ಣವಾದ ಕಥಾಘಟಕ. ಒಂದು ರಾತ್ರಿಗೆ ಒಂದು ಸಾಲನ್ನು ಆರಿಸಿಕೊಂಡು ಹಾಡುವುದು ವಾಡಿಕೆ. ಇಡೀ ಕಾವ್ಯ ಮುಗಿಯಲು ಹಲವು ರಾತ್ರಿಗಳು ಬೇಕು.

ಮೇಳದ ಮುಖ್ಯ ಗಾಯಕನು ಒಂದು ಕೈಯಲ್ಲಿ ತಂಬೂರಿಯನ್ನು ಮೀಟುತ್ತ ಮತ್ತೊಂದು ಕೈಯಲ್ಲಿ ಗಗ್ಗರವನ್ನು ನುಡಿಸುತ್ತ ಕಥೆಯನ್ನು ಮುನ್ನಡೆಸುತ್ತಾನೆ. ದಮ್ಮಡಿ ಮತ್ತು ತಾಳಗಳ ಹಿಮ್ಮೇಳವು ಸೊಲ್ಲನ್ನು ಎತ್ತಿಕೊಳ್ಳುತ್ತದೆ. ಗಾಯನದಲ್ಲಿ ಪದ್ಯ ಮತ್ತು ಗದ್ಯ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಭಾವವು ತೀವ್ರವಾದಲ್ಲಿ ಹಾಡು, ಘಟನೆಯು ಮುಂದುವರಿಯಬೇಕಾದಲ್ಲಿ ಮಾತು. ವಾದ, ಸಂಶಯ, ಹಾಸ್ಯ, ಜಗಳ, ಜಾತಿಯ ಕುರಿತ ಚುಚ್ಚುನುಡಿ ಮೊದಲಾದುವೆಲ್ಲ ಬಹುಮಟ್ಟಿಗೆ ಮಾತಿನ ಭಾಗದಲ್ಲಿಯೇ ಬರುತ್ತವೆ ಎಂಬುದು ಗಮನಾರ್ಹ.

ಸೊಲ್ಲಿನ ಕಾರ್ಯವನ್ನು ಇಲ್ಲಿ ವಿಶೇಷವಾಗಿ ಗುರುತಿಸಬೇಕು. ಹಿಮ್ಮೇಳವು ಸೊಲ್ಲನ್ನು ಹಿಡಿದುಕೊಂಡ ಅವಧಿಯಲ್ಲಿ ಮುಖ್ಯ ಗಾಯಕನು ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ಪದಪುಂಜವನ್ನು ನೆನಪಿನಿಂದ ಎತ್ತಿಕೊಳ್ಳುತ್ತಾನೆ, ಎದುರಿಗಿರುವ ಕೇಳುಗರ ಮುಖವನ್ನು ನೋಡಿ ಕಥೆಯನ್ನು ಹಿಗ್ಗಿಸಬೇಕೋ ಕುಗ್ಗಿಸಬೇಕೋ ಎಂದು ನಿರ್ಧರಿಸುತ್ತಾನೆ. ಮೌಖಿಕ ಕವಿಯು ಸಿದ್ಧ ಪದಪುಂಜಗಳ ನೆರವಿನಿಂದ ಹಾಡುವ ಕ್ಷಣದಲ್ಲಿಯೇ ಕಾವ್ಯವನ್ನು ಕಟ್ಟುತ್ತಾನೆಂದು ಮಿಲ್ಮನ್ ಪ್ಯಾರಿಯ ಸಂಶೋಧನೆಯನ್ನು ಮುಂದುವರಿಸಿ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟನು. ಯುಗೊಸ್ಲಾವಿಯಾದ ಗಾಯಕರನ್ನು ಕುರಿತು ಹೇಳಿದ ಆ ಮಾತು ನೀಲಗಾರರಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ. ಹೀಗಾಗಿ ಸೊಲ್ಲು ಅಲಂಕಾರವಲ್ಲ, ದೀರ್ಘಕಾವ್ಯದ ಯಂತ್ರಭಾಗ.

ಹೊರನಾಡಿನ ಒಂದು ಹೋಲಿಕೆ

ದೀರ್ಘರಚನೆಯಿಂದ ಲಘುಗೀತೆಗೆ ಹೊರಳಿದ ಮೇಳಗಳ ಇತಿಹಾಸವು ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಇಂಗ್ಲೆಂಡಿನಲ್ಲಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡ ‘ಪ್ರೋಗ್ರೆಸಿವ್ ರಾಕ್’ ಎಂಬ ಪ್ರಕಾರವು ನೃತ್ಯಕ್ಕೂ ರೇಡಿಯೋಗೂ ಹೊಂದುತ್ತಿದ್ದ ಮೂರು ನಿಮಿಷದ ಗೀತೆಯನ್ನು ಬಿಟ್ಟು ಹಲವು ಭಾಗಗಳ ದೀರ್ಘರಚನೆಗಳನ್ನು ಕಟ್ಟಿತು. ‘ಜೆನೆಸಿಸ್’ ಮೇಳವು 1972ರಲ್ಲಿ ಹೊರತಂದ ‘ಸಪ್ಪರ್ಸ್ ರೆಡಿ’ ಎಂಬ ರಚನೆಯ ಅವಧಿ ಸುಮಾರು 23 ನಿಮಿಷಗಳು. ಅದೇ ವರ್ಷ ‘ಯೆಸ್’ ಮೇಳದ ‘ಕ್ಲೋಸ್ ಟು ದಿ ಎಡ್ಜ್’ ಧ್ವನಿಮುದ್ರಿಕೆಯ ಒಂದು ಮುಖವನ್ನು ಪೂರ್ಣವಾಗಿ ಆಕ್ರಮಿಸಿಕೊಂಡಿತು. ಒಂದೊಂದು ಮುಖಕ್ಕೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕಿ ಅವಕಾಶವಿದ್ದ ಲಾಂಗ್ ಪ್ಲೇ ಮುದ್ರಿಕೆಯು ಇಂತಹ ರಚನೆಗಳಿಗೆ ಆಸರೆಯಾಯಿತು.

ಒಂದು ದಶಕ ಕಳೆಯುವುದರೊಳಗೆ ಇದೇ ಮೇಳಗಳು ಜನಪ್ರಿಯ ಪಾಪ್ ಗೀತೆಯತ್ತ ತಿರುಗಿದವು. 1975ರಲ್ಲಿ ಪೀಟರ್ ಗೇಬ್ರಿಯಲ್ ಮತ್ತು 1977ರಲ್ಲಿ ಸ್ಟೀವ್ ಹ್ಯಾಕೆಟ್ ಹೊರನಡೆದ ಬಳಿಕ ಮೂವರ ಮೇಳವಾಗಿ ಉಳಿದ ಜೆನೆಸಿಸ್ 1986ರ ‘ಇನ್ವಿಸಿಬಲ್ ಟಚ್’ ಗೀತೆಯ ಮೂಲಕ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಪಡೆಯಿತು. ಯೆಸ್ ಮೇಳದ 1983ರ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ ಗೀತೆಗೂ ಅದೇ ಸ್ಥಾನ ದೊರೆಯಿತು. ಹಳೆಯ ಅಭಿಮಾನಿಗಳು ಇದನ್ನು ಶರಣಾಗತಿಯೆಂದು ಕರೆದರು. ಆದರೆ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಮೊದಲನೆಯದಾಗಿ, ಅದೇ 1986ರ ಮುದ್ರಿಕೆಯಲ್ಲಿ ಹತ್ತು ನಿಮಿಷಗಳನ್ನು ಮೀರಿದ ‘ಡಾಮಿನೋ’ ಎಂಬ ರಚನೆಯೂ ಇದೆ. ಎರಡನೆಯದಾಗಿ, ಹೆಚ್ಚು ಅವಧಿಯನ್ನು ಹಿಡಿಯಬಲ್ಲ ಕಾಂಪ್ಯಾಕ್ಟ್ ಡಿಸ್ಕ್ ಬಳಕೆಗೆ ಬಂದುದು 1980ರ ದಶಕದಲ್ಲಿಯೇ. ಮಾಧ್ಯಮದಲ್ಲಿ ಜಾಗವು ಹೆಚ್ಚಾದಾಗಲೇ ಹಾಡು ಚಿಕ್ಕದಾಯಿತು. ರೇಡಿಯೋ ಮತ್ತು 1981ರಲ್ಲಿ ಆರಂಭವಾದ ಎಂ ಟಿವಿಯಂತಹ ದೃಶ್ಯವಾಹಿನಿಗಳು ಕೇಳುವ ಸಂದರ್ಭವನ್ನೇ ಬದಲಿಸಿದ್ದವು. ಹಾಡಿನ ಉದ್ದವನ್ನು ನಿರ್ಧರಿಸಿದ್ದು ಮುದ್ರಿಕೆಯ ಅಳತೆಯಲ್ಲ, ಕೇಳುವ ಸಂದರ್ಭ. ಈ ಸೂತ್ರವು ಮಳವಳ್ಳಿ ಪ್ರದೇಶದ ತಂಬೂರಿ ಮೇಳಗಳ ಬದಲಾವಣೆಯನ್ನು ಅರಿಯಲು ನೆರವಾಗುತ್ತದೆ.

ಸಂದರ್ಭಗಳ ಪಲ್ಲಟ

ನೀಲಗಾರ ಗಾಯನಕ್ಕೆ ಮುಖ್ಯವಾಗಿ ಮೂರು ಸಂದರ್ಭಗಳಿದ್ದವು. ಪುಷ್ಯ ಮಾಸದ ಹುಣ್ಣಿಮೆಗೆ ಆರಂಭವಾಗುವ ಚಿಕ್ಕಲ್ಲೂರು ಜಾತ್ರೆ ಮತ್ತು ಶಿವರಾತ್ರಿಯಿಂದ ಯುಗಾದಿಯವರೆಗೆ ನಡೆಯುವ ಕಪ್ಪಡಿ ಜಾತ್ರೆಗಳು ಒಂದು. ಹರಕೆ, ಗೃಹಪ್ರವೇಶ ಮತ್ತು ತಿಥಿಗಳಂತಹ ಮನೆಯ ಕಾರ್ಯಗಳ ರಾತ್ರಿ ಇನ್ನೊಂದು. ಸುಗ್ಗಿಯ ಕಾಲದ ಊರಾಡುವ ಭಿಕ್ಷೆ ಮತ್ತೊಂದು.

ಮೂರನೆಯ ಸಂದರ್ಭವು ಕೃಷಿಯ ಸ್ವರೂಪವನ್ನು ಅವಲಂಬಿಸಿತ್ತು. ಕೃಷ್ಣರಾಜಸಾಗರ ಮತ್ತು ಮೊದಲು ಇರ್ವಿನ್ ನಾಲೆಯೆಂದು ಹೆಸರಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ ಇವು ಮಂಡ್ಯ ಸೀಮೆಯನ್ನು ರಾಗಿಯ ನಾಡಿನಿಂದ ಕಬ್ಬು ಮತ್ತು ಭತ್ತದ ನಾಡನ್ನಾಗಿ ಮಾರ್ಪಡಿಸಿದವು. ರಾಗಿಗೆ ಕಣವಿದೆ, ಕಣದಲ್ಲಿ ಹಾಡುಗಾರನ ಪಾಲಿನ ಮೊರವಿದೆ. ಕಬ್ಬಿಗೆ ಕಣವಿಲ್ಲ. ಅದು ಗದ್ದೆಯಿಂದ ನೇರವಾಗಿ ಗಾಡಿಯೇರಿ ಕಾರ್ಖಾನೆಗೋ ಆಲೆಮನೆಗೋ ಹೋಗುತ್ತದೆ ಮತ್ತು ಹಣದ ರೂಪದಲ್ಲಿ ತಡವಾಗಿ ಹಿಂತಿರುಗುತ್ತದೆ. ಕಾಳಿನ ರೂಪದಲ್ಲಿದ್ದ ಪಾಲು ಹಣದ ರೂಪಕ್ಕೆ ತಿರುಗಿದಾಗ ಭಿಕ್ಷೆಯು ಸಂಭಾವನೆಯಾಗುತ್ತದೆ. ಸಂಭಾವನೆಯು ಗೊತ್ತುಪಡಿಸಿದ ಅವಧಿಯನ್ನು ಕೇಳುತ್ತದೆ. ನೀರಾವರಿಯು ಅಷ್ಟಾಗಿ ತಲುಪದ ಮಳವಳ್ಳಿಯ ಹಲಗೂರು ಭಾಗದಂತಹ ಒಣಭೂಮಿಯ ಊರುಗಳನ್ನು ನಾಲೆಬಯಲಿನ ಊರುಗಳೊಡನೆ ಹೋಲಿಸಿ ಈ ಅಂಶವನ್ನು ಪರೀಕ್ಷಿಸುವುದು ಉಪಯುಕ್ತ.

ವೇದಿಕೆಯ ಸಂದರ್ಭವು ಇದಕ್ಕೆ ಸೇರಿಕೊಂಡಿತು. ಆಕಾಶವಾಣಿಯ ಜನಪದ ಸಂಗೀತ ಕಾರ್ಯಕ್ರಮ, ಸರ್ಕಾರಿ ಉತ್ಸವ, ಗಣೇಶೋತ್ಸವ, ರಾಜ್ಯೋತ್ಸವ ಮೊದಲಾದೆಡೆ ಮೇಳವೊಂದಕ್ಕೆ ದೊರೆಯುವುದು ನಿಮಿಷಗಳಲ್ಲಿ ಅಳೆದ ಕಾಲ. ಸಾಲಿಗೆ ಅಲ್ಲಿ ಎಡೆಯಿಲ್ಲ. ಸಾಲಿನೊಳಗಿಂದ ತುಂಡರಿಸಿದ ಪದಕ್ಕೆ ಮಾತ್ರ ಎಡೆ.

ಧ್ವನಿಸುರುಳಿಯ ಪಾತ್ರ

1980ರ ದಶಕದಲ್ಲಿ ಭಾರತದಾದ್ಯಂತ ವ್ಯಾಪಿಸಿದ ಧ್ವನಿಸುರುಳಿಯ ಉದ್ಯಮವು ಪ್ರಾದೇಶಿಕ ಸಂಗೀತಕ್ಕೆ ಅಗ್ಗವಾದ ಮಾರುಕಟ್ಟೆಯನ್ನು ಒದಗಿಸಿತು. ಪೀಟರ್ ಮ್ಯಾನ್ಯುಯಲ್ ಉತ್ತರ ಭಾರತವನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಉದ್ಯಮದ ಎರಡು ಮುಖಗಳನ್ನೂ, ಅಂದರೆ ಸ್ಥಳೀಯ ಪ್ರಕಾರಗಳಿಗೆ ದೊರೆತ ಪುನಶ್ಚೇತನವನ್ನೂ ಅವುಗಳ ಏಕರೂಪೀಕರಣವನ್ನೂ ಗುರುತಿಸಿದೆ. ಕರ್ನಾಟಕದ ದಕ್ಷಿಣ ಭಾಗದಲ್ಲಿ ಈ ಮಾಧ್ಯಮದ ಮೂಲಕ ಮನೆಮಾತಾದ ಹೆಸರು ಮಳವಳ್ಳಿ ಮಹದೇವಸ್ವಾಮಿ ಅವರದು. ತಮ್ಮ ಊರಿನ ಹೆಸರನ್ನೇ ಮುಂದಿಟ್ಟುಕೊಂಡು ಹಾಡಿದ ಅವರ ಕಂಠದ ಮೂಲಕ ಮಹದೇಶ್ವರ ಮತ್ತು ಸಿದ್ದಪ್ಪಾಜಿಯರ ಕಥೆಗಳು ಟೀ ಅಂಗಡಿ, ಬಸ್ಸು, ಲಾರಿ, ಜಾತ್ರೆಯ ಧ್ವನಿವರ್ಧಕಗಳನ್ನು ತಲುಪಿದವು.

ಧ್ವನಿಸುರುಳಿಯೇ ಕಾವ್ಯವನ್ನು ತುಂಡರಿಸಿತೆಂಬ ಸಾಮಾನ್ಯ ಅಭಿಪ್ರಾಯವನ್ನು ಇಲ್ಲಿ ಎಚ್ಚರದಿಂದ ಪರಿಶೀಲಿಸಬೇಕು. ಅರವತ್ತು ನಿಮಿಷದ ಒಂದು ಸುರುಳಿಯಲ್ಲಿ ಪ್ರತಿ ಮುಖಕ್ಕೆ ಮೂವತ್ತು ನಿಮಿಷಗಳ ನಿರಂತರ ಕಥನಕ್ಕೆ ಅವಕಾಶವಿತ್ತು. ಇದನ್ನು ಬಳಸಿಕೊಂಡು ಮಾತು ಮತ್ತು ಹಾಡು ಎರಡೂ ಇರುವ, ಭಾಗಗಳಾಗಿ ಮುಂದುವರಿಯುವ ಕಥಾಸುರುಳಿಗಳು ಹೊರಬಂದವು. ಇವು ಸಾಲನ್ನು ಸಂಕ್ಷೇಪಿಸಿದರೂ ಅದರ ಕಥನಸೂತ್ರವನ್ನು ಉಳಿಸಿಕೊಂಡವು. ಇದರ ಜೊತೆಯಲ್ಲಿಯೇ ಬೆಳೆದ ಇನ್ನೊಂದು ಬಗೆಯು ಭಕ್ತಿಗೀತೆಗಳ ಸಂಕಲನ. ಅದರಲ್ಲಿ ಪ್ರತಿಯೊಂದು ಹಾಡೂ ನಾಲ್ಕೈದು ನಿಮಿಷಗಳ ಸ್ವತಂತ್ರ ಗೀತೆ. ತಂಬೂರಿಯ ಜಾಗದಲ್ಲಿ ಕೀಬೋರ್ಡ್, ದಮ್ಮಡಿಯ ಜೊತೆಗೆ ತಬಲ ಮತ್ತು ರಿದಂ ಪ್ಯಾಡ್ ಬಂದವು. ಗಾಯಕನ ಕಂಠಕ್ಕೆ ತಂಬೂರಿಯನ್ನು ಹೊಂದಿಸುತ್ತಿದ್ದ ಕ್ರಮವು ತಿರುಗುಮುರುಗಾಗಿ ಕೀಬೋರ್ಡಿನ ಶ್ರುತಿಗೆ ಗಾಯಕನು ಹೊಂದಿಕೊಳ್ಳಬೇಕಾಯಿತು.

ಬಿಡಿಗೀತೆಯಲ್ಲಿ ನಡೆದ ಮುಖ್ಯವಾದ ರಚನಾತ್ಮಕ ಬದಲಾವಣೆಯು ಸೊಲ್ಲಿಗೆ ಸಂಬಂಧಿಸಿದುದು. ಇಡೀ ರಾತ್ರಿಯ ಗಾಯನದಲ್ಲಿ ಕಥೆಯನ್ನು ಹೊರುವ ಹೆಗಲಾಗಿದ್ದ ಸೊಲ್ಲು ಬಿಡಿಗೀತೆಯಲ್ಲಿ ಪಲ್ಲವಿಯಾಗಿ ಮಾರ್ಪಟ್ಟು ಹಾಡಿನ ಕೇಂದ್ರವಾಯಿತು. ಮಾತಿನ ಭಾಗವು ಮೊದಲು ಕುಗ್ಗಿ ಬಳಿಕ ಇಲ್ಲವಾಯಿತು. ಕಾವ್ಯದ ವಾದವಿದ್ದುದು ಬಹುಮಟ್ಟಿಗೆ ಮಾತಿನಲ್ಲಿಯೇ ಆದುದರಿಂದ ಮಾತಿನೊಡನೆ ವಾದವೂ ಹೋಯಿತು. ಹಲಗೂರಿನ ಪ್ರಸಂಗವು ಇದಕ್ಕೆ ಉತ್ತಮ ನಿದರ್ಶನ. ಪಾಂಚಾಳರ ಮಗನೇ ಭಿಕ್ಷುಕನಾಗಿ ಪಾಂಚಾಳರ ಬಾಗಿಲಿಗೆ ಬಂದು ಅವರ ಕುಲಕಸುಬಿನ ಕಬ್ಬಿಣವನ್ನೇ ಬೇಡುತ್ತಾನೆ. ಅವರು ಇಲ್ಲವೆನ್ನುತ್ತಾರೆ, ಅವನನ್ನು ಕಠಿಣವಾದ ಪರೀಕ್ಷೆಗಳಿಗೆ ಒಡ್ಡುತ್ತಾರೆ. ತನ್ನವರೊಡನೆ ತಾನೇ ನಡೆಸಬೇಕಾದ ಈ ಸಂಘರ್ಷ ಸಾಲಿನ ಜೀವಾಳ. ಬಿಡಿಗೀತೆಯಲ್ಲಿ ಉಳಿಯುವುದು ಪವಾಡ ಮೆರೆದ ಸಿದ್ದಪ್ಪಾಜಿಯ ಸ್ತುತಿ ಮಾತ್ರ. ಕಲ್ಯಾಣದ ಸಾಲಿನಲ್ಲಿಯೂ ಹೊಲಸು ಮೈಯ ಭಿಕ್ಷುಕನ ವೇಷದಲ್ಲಿ ಬಂದು ಶರಣರ ನಡೆಯನ್ನು ಒರೆಗೆ ಹಚ್ಚುವ ಮಂಟೇಸ್ವಾಮಿಯು ಗೀತೆಯಲ್ಲಿ ಕಾಪಾಡುವ ದೈವವಾಗಿ ಮಾತ್ರ ಉಳಿಯುತ್ತಾನೆ.

ಸಂಕಮ್ಮನ ಸಾಲು ಮತ್ತು ‘ಕೋಲುಮಂಡೆ’

ಈ ಪ್ರಕ್ರಿಯೆಯ ಪರಿಣಾಮವು ಅತ್ಯಂತ ನಿಚ್ಚಳವಾಗಿ ಕಾಣುವುದು ಮಹದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ. ಬೇಟೆಗೆ ಹೊರಟ ಗಂಡ ನೀಲೇಗೌಡನು ತಾನು ಬರುವತನಕ ಪಾತಿವ್ರತ್ಯವನ್ನು ಕಾಪಾಡುವುದಾಗಿ ಆಣೆಯಿಡಬೇಕೆಂದು ಸಂಕಮ್ಮನನ್ನು ಒತ್ತಾಯಿಸುತ್ತಾನೆ. ಅವಳು ಒಪ್ಪುವುದಿಲ್ಲ. ಹಿಂಸೆಯನ್ನು ಸಹಿಸುತ್ತಾಳೆ, ಗುಡಿಸಿಲಿನಲ್ಲಿ ಬಂಧಿಯಾಗುತ್ತಾಳೆ, ಆದರೂ ಆಣೆಯಿಡುವುದಿಲ್ಲ. ಅವಳ ಬಾಗಿಲಿಗೆ ಮಹದೇಶ್ವರನು ಜಂಗಮನಾಗಿ ಭಿಕ್ಷೆಗೆ ಬರುತ್ತಾನೆ. ಹೆಣ್ಣೊಬ್ಬಳ ಈ ನಿರಾಕರಣೆಯನ್ನು ದೈವವೇ ಎತ್ತಿಹಿಡಿಯುವ ಈ ಭಾಗವು ಕನ್ನಡದ ಮೌಖಿಕ ಸಾಹಿತ್ಯದ ಮಹತ್ವದ ಸಂದರ್ಭಗಳಲ್ಲಿ ಒಂದು.

ಭಿಕ್ಷೆಯ ಈ ಸನ್ನಿವೇಶವನ್ನು ಆಧರಿಸಿದ ‘ಕೋಲುಮಂಡೆ’ ಪದವು ಸಾಲಿನಿಂದ ಬೇರ್ಪಟ್ಟು ಪ್ರತ್ಯೇಕವಾಗಿ ಪ್ರಸಿದ್ಧವಾಯಿತು. ಟಿ.ಎಸ್. ನಾಗಾಭರಣ ನಿರ್ದೇಶಿಸಿ ವಿ. ಮನೋಹರ್ ಸಂಗೀತ ನೀಡಿದ 1996ರ ‘ಜನುಮದ ಜೋಡಿ’ ಚಲನಚಿತ್ರದಲ್ಲಿ ಅದು ಅಳವಟ್ಟಿತು. ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಚಲನಚಿತ್ರ ಪ್ರಶಸ್ತಿಯೂ ಬಂದಿತು. 2020ರಲ್ಲಿ ಚಂದನ್ ಶೆಟ್ಟಿ ಅದೇ ಪದವನ್ನು ರ‍್ಯಾಪ್ ಶೈಲಿಯ ದೃಶ್ಯಗೀತೆಯಾಗಿ ಹೊರತಂದಾಗ ಸಂಕಮ್ಮನನ್ನು ಚಿತ್ರಿಸಿದ ಬಗೆಗೆ ಮಹದೇಶ್ವರನ ಭಕ್ತರಿಂದ ತೀವ್ರವಾದ ಆಕ್ಷೇಪ ವ್ಯಕ್ತವಾಯಿತು. ಗಾಯಕರು ಕ್ಷಮೆ ಯಾಚಿಸಿದರು, ದೃಶ್ಯಗೀತೆಯನ್ನು ಹಿಂತೆಗೆದುಕೊಳ್ಳಲಾಯಿತು.

ಈ ವಿವಾದವನ್ನು ಭಕ್ತಿ ಮತ್ತು ಆಧುನಿಕತೆಗಳ ಘರ್ಷಣೆಯೆಂದು ಮಾತ್ರ ನೋಡಿದರೆ ಸಾಲದು. ಪದವು ಸಾಲಿನೊಳಗೆ ಇದ್ದಾಗ ಬಾಗಿಲಲ್ಲಿ ನಿಂತ ಹೆಣ್ಣು ಯಾರು, ಅವಳು ಏಕೆ ಅಲ್ಲಿದ್ದಾಳೆ ಎಂಬುದನ್ನು ಕೇಳುಗರು ಅದಾಗಲೇ ಗಂಟೆಗಳ ಕಾಲ ಕೇಳಿರುತ್ತಾರೆ. ಸಾಲಿನಿಂದ ಬೇರ್ಪಟ್ಟ ಪದದಲ್ಲಿ ಒಬ್ಬ ಭಿಕ್ಷುಕ ಮತ್ತು ಒಬ್ಬ ಚೆಲುವೆ ಮಾತ್ರ ಉಳಿಯುತ್ತಾರೆ. ಆ ಖಾಲಿ ಜಾಗವನ್ನು ಮುಂದೆ ಯಾರು ಯಾವುದರಿಂದ ಬೇಕಾದರೂ ತುಂಬಬಹುದು. ಅಂದರೆ 2020ರ ಅಪಾರ್ಥಕ್ಕೆ ಬೇಕಾದ ತೆರವು ಪದವನ್ನು ಸಾಲಿನಿಂದ ಬಿಡಿಸಿಕೊಂಡ ಹಿಂದಿನ ದಶಕಗಳಲ್ಲಿಯೇ ಏರ್ಪಟ್ಟಿತ್ತು. ಆಕ್ಷೇಪಿಸಿದವರು ಸಂಕಮ್ಮನನ್ನು ಬಲ್ಲವರಾಗಿದ್ದರೆಂಬುದು ಸಾಲು ಇನ್ನೂ ಜೀವಂತವಾಗಿದೆಯೆಂಬುದಕ್ಕೆ ಸಾಕ್ಷಿಯೂ ಹೌದು.

ಗಳಿಕೆಯ ಲೆಕ್ಕ

ನಷ್ಟವನ್ನು ಮಾತ್ರ ಪಟ್ಟಿಮಾಡುವುದು ನ್ಯಾಯವಲ್ಲ. ಬಿಡಿಗೀತೆಯು ನೀಲಗಾರನನ್ನು ಊರಿನ ಎಲ್ಲೆಯಿಂದ ಹೊರಗೆ ಕೊಂಡೊಯ್ದಿತು. ಬೆಂಗಳೂರಿಗೆ ದುಡಿಮೆಗಾಗಿ ಹೋದ ಮದ್ದೂರು, ಮಳವಳ್ಳಿಯ ಕುಟುಂಬಗಳಿಗೆ ಸುರುಳಿಯು ಊರಿನ ದನಿಯನ್ನು ಉಳಿಸಿಕೊಟ್ಟಿತು. ಭಿಕ್ಷೆಯವನೆಂದು ಜಗಲಿಯ ಕೆಳಗೆ ನಿಲ್ಲಿಸುತ್ತಿದ್ದ ಸಮಾಜವು ಅದೇ ಹಾಡುಗಾರನನ್ನು ವೇದಿಕೆಯ ಮೇಲೆ ಕಲಾವಿದನೆಂದು ಕರೆಯಿತು. ದೀರ್ಘಗಾಯನದ ಜೊತೆಗೆ ಬಂದ ಅವಮಾನವನ್ನು ಉಂಡವರಿಗೆ ಚಿಕ್ಕ ಹಾಡಿನ ಮೂಲಕ ಬಂದ ಗೌರವವು ಚಿಕ್ಕದೇನೂ ಅಲ್ಲ. ಗಾಯಕರು ಲಘುಗೀತೆಯನ್ನು ಆರಿಸಿಕೊಂಡುದನ್ನು ಟೀಕಿಸುವಾಗ ಸಂಶೋಧಕರು ಈ ಅಂಶವನ್ನು ಕಡೆಗಣಿಸುವುದುಂಟು.

ಮಾಧ್ಯಮದ ಚರಿತ್ರೆಯೂ ಒಂದೇ ದಿಕ್ಕಿನದಲ್ಲ. 2000ದ ದಶಕದಲ್ಲಿ ಎಂಪಿ3 ಮುದ್ರಿಕೆ ಬಂದಾಗ ಸಾಧಾರಣ ಗುಣಮಟ್ಟದಲ್ಲಿ ಹತ್ತು ಗಂಟೆಗಳಿಗೂ ಮಿಕ್ಕಿದ ಗಾಯನವು ಒಂದೇ ತಟ್ಟೆಯಲ್ಲಿ ಅಡಕವಾಗುವಂತಾಯಿತು. ಅನಂತರದ ಅಂತರ್ಜಾಲ ದೃಶ್ಯತಾಣಗಳಲ್ಲಿ ಗಂಟೆಗಟ್ಟಲೆಯ ಕಥನಗಾಯನಗಳೂ ಅರ್ಧ ನಿಮಿಷದ ತುಣುಕುಗಳೂ ಅಕ್ಕಪಕ್ಕದಲ್ಲಿಯೇ ಇವೆ. ದೀರ್ಘರೂಪವು ಅಳಿದಿಲ್ಲ; ಅದನ್ನು ಕೂತು ಕೇಳುವ ರಾತ್ರಿಗಳು ಕಡಿಮೆಯಾಗಿವೆ.

ಸಂಗ್ರಹ ಮತ್ತು ಮುಂದಿನ ಅಧ್ಯಯನ

ಈ ಕಾವ್ಯಗಳ ಸಂಗ್ರಹಕಾರ್ಯಕ್ಕೆ ಮಂಡ್ಯ ಜಿಲ್ಲೆಯ ಕೊಡುಗೆ ದೊಡ್ಡದು. ನಾಗಮಂಗಲ ತಾಲ್ಲೂಕಿನವರಾದ ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು ಕುರಿತು ನಡೆಸಿದ ಸಂಶೋಧನೆಯು ಈ ಕ್ಷೇತ್ರಕ್ಕೆ ಅಡಿಪಾಯ. ಅದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿ ಧ್ವನಿ ಮತ್ತು ದೃಶ್ಯ ದಾಖಲೆಗಳಿಗೆ ಮನ್ನಣೆ ತಂದರು. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ (1973) ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ‘ಮಂಟೇಸ್ವಾಮಿ’ (1997) ಮಹಾಕಾವ್ಯಗಳು ಪಠ್ಯವನ್ನು ಗ್ರಂಥರೂಪದಲ್ಲಿ ಒದಗಿಸಿದವು.

ಆದರೆ ಗ್ರಂಥವು ಪದಗಳನ್ನು ಉಳಿಸುತ್ತದೆ. ಗಾಯಕನು ಯಾವ ಊರಿನಲ್ಲಿ ಯಾರ ಎದುರು ಎಲ್ಲಿ ಹಿಗ್ಗಿಸಿದನು, ಎಲ್ಲಿ ಕುಗ್ಗಿಸಿದನು ಎಂಬುದನ್ನು ಉಳಿಸುವುದಿಲ್ಲ. ಈ ಕೊರತೆಯನ್ನು ನೀಗಲು ಮೂರು ಬಗೆಯ ಕಾರ್ಯ ಅಗತ್ಯ. ಒಂದು, ಒಬ್ಬನೇ ಗಾಯಕನು ಒಂದೇ ಸಾಲನ್ನು ತಿಥಿಯ ರಾತ್ರಿಯಲ್ಲಿ, ಜಾತ್ರೆಯಲ್ಲಿ, ವೇದಿಕೆಯಲ್ಲಿ ಮತ್ತು ಧ್ವನಿಮುದ್ರಣ ಕೊಠಡಿಯಲ್ಲಿ ಹಾಡುವ ಕ್ರಮವನ್ನು ದಾಖಲಿಸಿ ಹೋಲಿಸುವುದು. ಎರಡು, ಜನಪ್ರಿಯವೆಂಬ ಕಾರಣಕ್ಕೆ ಗ್ರಂಥಾಲಯಗಳು ಕಡೆಗಣಿಸಿರುವ ಧ್ವನಿಸುರುಳಿಗಳನ್ನು ಅವುಗಳ ಹೊದಿಕೆ ಮತ್ತು ಬರಹಗಳ ಸಮೇತ ಸಂಗ್ರಹಿಸಿ ಡಿಜಿಟಲ್ ರೂಪಕ್ಕೆ ತರುವುದು. ಕಾಂತಪಟ್ಟಿಯ ಆಯುಷ್ಯವು ಸೀಮಿತವಾದುದರಿಂದ ಈ ಕೆಲಸಕ್ಕೆ ವಿಳಂಬವು ಸಲ್ಲದು. ಮೂರು, ಇಡೀ ರಾತ್ರಿಯ ಗಾಯನಕ್ಕೆ ತಕ್ಕ ಸಂಭಾವನೆ ಮತ್ತು ಸಂದರ್ಭಗಳನ್ನು ಸಂಸ್ಥೆಗಳು ಒದಗಿಸುವುದು. ಹದಿನೈದು ನಿಮಿಷದ ವೇದಿಕೆಯನ್ನು ಮಾತ್ರ ಕೊಟ್ಟು ದೀರ್ಘಕಾವ್ಯವು ಕ್ಷೀಣಿಸುತ್ತಿದೆಯೆಂದು ಹಲುಬುವುದರಲ್ಲಿ ಅರ್ಥವಿಲ್ಲ.

ಒಟ್ಟಾರೆಯಾಗಿ ಹೇಳುವುದಾದರೆ, ನೀಲಗಾರ ಮೇಳಗಳು ಲಘುಗೀತೆಯತ್ತ ಹೊರಳಿದುದು ಪ್ರತಿಭೆಯ ಕುಸಿತದಿಂದಲ್ಲ, ಯಂತ್ರದ ಒತ್ತಡದಿಂದ ಮಾತ್ರವೂ ಅಲ್ಲ. ಕಣ, ತಿಥಿಯ ರಾತ್ರಿ, ಊರಾಡುವ ಭಿಕ್ಷೆಗಳೆಂಬ ಸಂದರ್ಭಗಳು ಸಡಿಲಗೊಂಡಾಗ ಅವುಗಳೊಳಗೆ ಬಾಳುತ್ತಿದ್ದ ರೂಪವೂ ಸಡಿಲಗೊಂಡಿತು. ಪಲ್ಲವಿಯಾಗಿ ಉಳಿದ ಸೊಲ್ಲು ಇಂದಿಗೂ ಎಲ್ಲರ ನಾಲಗೆಯ ಮೇಲಿದೆ. ಅದು ಹೊತ್ತಿದ್ದ ಮಾತನ್ನು, ಹಲಗೂರಿನ ಕಬ್ಬಿಣದ ವಾದವನ್ನು, ಸಂಕಮ್ಮನ ನಿರಾಕರಣೆಯನ್ನು ಬಲ್ಲ ಗಾಯಕರು ಇನ್ನೂ ಇರುವಾಗಲೇ ಸಾಲನ್ನು ಪೂರ್ಣವಾಗಿ ಕೇಳಿ ದಾಖಲಿಸುವುದು ಸಂಶೋಧನೆಯ ಮೊದಲ ಹೊಣೆ.